ಬೆಟ್ಟದ ಹಾರಾಟ ಕಲಿಸುವ ಕೋರ್ಸ್ ಒಳ್ಳೆಯದೋ ಅಲ್ಲವೋ, ತಿಳಿಯುವುದು ಹೇಗೆ?

ಪ್ರಶ್ನೆ: ನನ್ನ ಬಳಿ ಕಮರ್ಷಿಯಲ್ ಹೆಲಿಕಾಪ್ಟರ್ ಲೈಸೆನ್ಸ್ ಇದೆ. ಈವರೆಗೆ ಹಾರಿಸಿದ್ದೆಲ್ಲ ಬಯಲಿನಲ್ಲೇ, ಹೆಚ್ಚಾಗಿ ರಾಬಿನ್ಸನ್ ಆರ್44. ಮುಂದೆ ಪರ್ವತ ಪ್ರದೇಶದಲ್ಲಿ ಕೆಲಸ ಹುಡುಕಬೇಕೆಂದಿದ್ದೇನೆ. ಎರಡು ಶಾಲೆಗಳನ್ನು ವಿಚಾರಿಸಿದೆ. ಒಂದು ಶಾಲೆ ಐದು ಗಂಟೆಯ ಹಾರಾಟಕ್ಕೇ ‘ಮೌಂಟನ್ ಫ್ಲೈಯಿಂಗ್’ ಪ್ರಮಾಣಪತ್ರ ಕೊಡುತ್ತದೆ, 12,000 ಅಡಿಯಲ್ಲಿ ಇಳಿಸುತ್ತೇವೆ ಎನ್ನುತ್ತದೆ. ಇನ್ನೊಂದು ಇಪ್ಪತ್ತು ಗಂಟೆಗೂ ಮಿಕ್ಕಿ ಹಾರಿಸುತ್ತದೆ, ಖರ್ಚು ನಾಲ್ಕು ಪಟ್ಟು, ಆದರೆ ಅವರು ಇಳಿಸುವ ಜಾಗಗಳು ಬಹುಪಾಲು 6,000–7,000 ಅಡಿಯವು. ಗುಣಮಟ್ಟವನ್ನು ಅಳೆಯುವುದು ಯಾವುದರಿಂದ?

ಉತ್ತರ:

ಮೊದಲು ಆ 12,000 ಅಡಿಯ ಅಂಕಿಯನ್ನು ಬದಿಗಿಡಿ. ಎತ್ತರವೇ ಅಳತೆಗೋಲಾಗಿದ್ದರೆ ಲೆಕ್ಕ ಎಂದೋ ಮುಗಿದುಹೋಗಿದೆ. 1972ರ ಜೂನ್ 21ರಂದು ಫ್ರಾನ್ಸಿನ ಜ್ಯಾನ್ ಬೂಲೆ ‘ಲಾಮಾ’ ಹೆಲಿಕಾಪ್ಟರನ್ನು 12,442 ಮೀಟರ್‌ವರೆಗೆ ಏರಿಸಿದರು. ಮೇಲೆ ಎಂಜಿನ್ ಆರಿಹೋಗಿ, ಅಲ್ಲಿಂದ ಕೆಳಗಿನಿಂದ ನುಗ್ಗುವ ಗಾಳಿಯೇ ರೋಟರ್ ತಿರುಗಿಸುವ ಆಟೊರೊಟೇಶನ್‌ನಲ್ಲೇ ಕೆಳಗಿಳಿದರು. 2005ರ ಮೇ 14ರಂದು ದಿದಿಯೆ ದೆಲ್ಸಾಲ್ ಎಎಸ್350 ಬಿ3 ಹೆಲಿಕಾಪ್ಟರನ್ನು ಎವರೆಸ್ಟ್ ತುದಿಗೇ ಮುಟ್ಟಿಸಿದರು. ಇಬ್ಬರೂ ಟೆಸ್ಟ್ ಪೈಲಟ್‌ಗಳು, ಯಂತ್ರವನ್ನು ಆದಷ್ಟು ಹಗುರ ಮಾಡಿಕೊಂಡು, ಹವೆ ನೋಡಿಕೊಂಡು ಹೋದವರು. ನಿಮ್ಮ ಕೆಲಸ ಹಾಗಿರುವುದಿಲ್ಲ. ಹಿಂದೆ ಮೂವರು ಪ್ರಯಾಣಿಕರು, ಅವರ ಸಾಮಾನು, ಬಿಸಿಲೇರಿದ ಮಧ್ಯಾಹ್ನ, ನಿಂತಲ್ಲಿ ನಿಲ್ಲದ ಗಾಳಿ, 6,500 ಅಡಿಯಲ್ಲಿ ಎರಡು ರೋಟರ್‌ನಷ್ಟು ಅಗಲದ ಒಂದು ದಿಬ್ಬ. ತಂಪಾದ ಬೆಳಗ್ಗೆ, ಖಾಲಿ ಯಂತ್ರದಲ್ಲಿ, 12,000 ಅಡಿಯ ವಿಶಾಲ ಬಯಲಿನಲ್ಲಿ ಇಳಿದವನಿಗೆ ಈ ದಿಬ್ಬದ ಬಗ್ಗೆ ಏನೂ ತಿಳಿದಿರುವುದಿಲ್ಲ.

ನನ್ನ ಮಟ್ಟಿಗೆ ಕೋರ್ಸಿನ ಗುಣಮಟ್ಟ ಕಾಣುವುದು ಸ್ಕಿಡ್ (ಹೆಲಿಕಾಪ್ಟರಿನ ಕೆಳಗಿನ ಹಳಿ) ನೆಲ ಮುಟ್ಟುವ ಮೊದಲಿನ ಐದು ನಿಮಿಷದಲ್ಲಿ. ಗಾಳಿ ಎಲ್ಲಿದೆ, ಶಕ್ತಿ ಎಷ್ಟು ಉಳಿದಿದೆ, ಬೇಡವೆನಿಸಿದರೆ ಯಾವ ಕಡೆ ಜಾರಿಕೊಳ್ಳುವುದು — ಈ ಮೂರನ್ನು ನೀವೇ ಹುಡುಕಿ, ನೀವೇ ಬಾಯಿಬಿಟ್ಟು ಹೇಳಿ, ನಂತರವಷ್ಟೇ ಇಳಿಯುವಂತೆ ಮಾಡುವ ಕೋರ್ಸ್ ಒಳ್ಳೆಯದು. ಇಳಿದದ್ದನ್ನಷ್ಟೇ ಎಣಿಸುವ ಕೋರ್ಸಿನಿಂದ ಫೋಟೊ ಚೆನ್ನಾಗಿ ಬರುತ್ತದೆ.

ಪ್ರಮಾಣಪತ್ರದ ವಿಷಯವನ್ನೂ ಇಲ್ಲೇ ಮುಗಿಸಿಬಿಡೋಣ. ಹೆಲಿಕಾಪ್ಟರ್ ಪರ್ವತ ಹಾರಾಟಕ್ಕೆ ಜಗತ್ತಿನಾದ್ಯಂತ ಒಪ್ಪುವ ಒಂದೇ ಮಾನದಂಡವಿಲ್ಲ. ಅಮೆರಿಕದ ವಿಮಾನಯಾನ ನಿಯಂತ್ರಕ ಎಫ್‌ಎಎ ಲೈಸೆನ್ಸಿನಲ್ಲಿ ಪ್ರತ್ಯೇಕ ಮೌಂಟನ್ ರೇಟಿಂಗ್ (ಪರ್ವತ ಹಾರಾಟದ ಅರ್ಹತೆ) ಎಂಬುದೇ ಇಲ್ಲ. ಯುರೋಪಿನ ವಿಮಾನಯಾನ ಸಂಸ್ಥೆ ಈಎಎಸ್‌ಎ ನಿಯಮಗಳಲ್ಲಿರುವ ಮೌಂಟನ್ ರೇಟಿಂಗ್ ರೆಕ್ಕೆಯ ವಿಮಾನಗಳದ್ದು. ಸ್ವಿಟ್ಜರ್ಲೆಂಡ್ ತನ್ನದೇ ದಾರಿ ಹಿಡಿದಿದೆ: 1,100 ಮೀಟರ್‌ಗಿಂತ ಮೇಲಿನ ಜಾಗಗಳಲ್ಲಿ ಇಳಿಯಲು ಅಲ್ಲಿ ಬೇರೆ ಅರ್ಹತೆ ಬೇಕು. ಕೆನಡಾದಲ್ಲಿ ಕಾನೂನಿಗಿಂತ ಕೆಲಸ ಕೊಡುವವರೇ ಕಟ್ಟುನಿಟ್ಟು. ಮೌಂಟನ್ ಕೋರ್ಸ್ ಎಲ್ಲಿ ಮಾಡಿದಿರಿ, ಯಾರ ಹತ್ತಿರ ಮಾಡಿದಿರಿ ಎಂದು ಅವರು ಕೇಳುತ್ತಾರೆ. ಹಾಗಾಗಿ ಹೆಚ್ಚಿನ ಕಡೆ ನಿಮ್ಮ ಕೈಗೆ ಬರುವ ಕಾಗದ ಆ ಶಾಲೆಯ ಕಾಗದ ಅಷ್ಟೇ. ಅದಕ್ಕಿರುವ ಬೆಲೆ ಆ ಶಾಲೆಯ ಹೆಸರಿಗಿರುವ ಬೆಲೆ.

ಈ ವಿದ್ಯೆ ಹುಟ್ಟಿದ್ದೇ ಕೆಲಸದ ನಡುವೆ. 1940ರ ದಶಕದ ಕೊನೆಯಲ್ಲಿ ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಕಾರ್ಲ್ ಏಗರ್ ಎಂಬ ಪೈಲಟ್ ಒಂದು ಬೆಲ್ 47 ಹೆಲಿಕಾಪ್ಟರ್ ಇಟ್ಟುಕೊಂಡು ಸರ್ವೆಯವರನ್ನು ಬೆಟ್ಟದ ತುದಿಗಳಿಗೆ ಇಳಿಸುತ್ತಿದ್ದರು. ಹೇಳಿಕೊಡುವವರು ಯಾರೂ ಇರಲಿಲ್ಲ, ಎಂಜಿನ್‌ನಲ್ಲಿ ಹೆಚ್ಚುವರಿ ಶಕ್ತಿಯೂ ಇರಲಿಲ್ಲ. ಗಾಳಿ ಮೇಲೇರುವ ಮಗ್ಗುಲನ್ನು ಹುಡುಕದಿದ್ದರೆ ಆ ಯಂತ್ರ ಅಲ್ಲಿ ನಿಲ್ಲುತ್ತಲೇ ಇರಲಿಲ್ಲ. ಹಾಗೆ ಒದ್ದಾಡಿ ಕಂಡುಕೊಂಡದ್ದನ್ನೇ ಅವರ ಕಂಪನಿ ಮುಂದೆ ಪೆಂಟಿಕ್ಟನ್‌ನ ಶಾಲೆಯಲ್ಲಿ ಪಾಠ ಮಾಡಿತು. ಏಗರ್ ಅವರಿಗೆ 1950ರ ಮ್ಯಾಕೀ ಟ್ರೋಫಿ ಎಂಬ ವಿಮಾನಯಾನ ಪ್ರಶಸ್ತಿ ಸಂದಿತು. ಇವತ್ತಿನ ಬಲಶಾಲಿ ಟರ್ಬೈನ್ ಯಂತ್ರಗಳಲ್ಲಿ ತಪ್ಪು ದಾರಿಯಲ್ಲಿ ಬಂದರೂ ಕಲೆಕ್ಟಿವ್ (ಯಂತ್ರವನ್ನು ಮೇಲೆತ್ತುವ ಸನ್ನೆ) ಎಳೆದು ಬಚಾವಾಗಬಹುದು. ಕಲಿಕೆಯ ದೃಷ್ಟಿಯಿಂದ ಇದು ಅನುಕೂಲವಲ್ಲ, ತೊಡಕು.

ಈಗ ಶಕ್ತಿಯ ಲೆಕ್ಕಕ್ಕೆ ಬರೋಣ. ಡೆನ್ಸಿಟಿ ಆಲ್ಟಿಟ್ಯೂಡ್, ಅಂದರೆ ಗಾಳಿಯ ತೆಳುವಿಗೆ ತಕ್ಕ ಎತ್ತರ, ನಿಮಗೆ ಪರೀಕ್ಷೆಗೆ ಓದಿ ಗೊತ್ತಿರುತ್ತದೆ. 8,000 ಅಡಿಯಲ್ಲಿ ಪ್ರಮಾಣಿತ ತಾಪಮಾನ ಸೊನ್ನೆಗಿಂತ ಒಂದು ಡಿಗ್ರಿ ಕಡಿಮೆ. ಅಲ್ಲಿ ಬಿಸಿಲು 24 ಡಿಗ್ರಿ ಇದ್ದರೆ ಪ್ರತಿ ಡಿಗ್ರಿಗೆ 120 ಅಡಿಯಂತೆ ಸೇರಿಸಿ: ನಿಮ್ಮ ರೋಟರ್ ಪಾಲಿಗೆ ಆ ಜಾಗ 11,000 ಅಡಿ. ಇದನ್ನು ಬೋರ್ಡಿನ ಮೇಲೆ ಬರೆದು ತೋರಿಸುವುದಕ್ಕೆ ನಾಲ್ಕು ಪಟ್ಟು ಹಣ ಕೊಡಬೇಕಿಲ್ಲ. ಒಳ್ಳೆಯ ಬೋಧಕರು ಅದನ್ನು ಗಾಳಿಯಲ್ಲಿ, ಮೀಟರಿನ ಮುಂದೆ ಕಲಿಸುತ್ತಾರೆ. ಇಳಿಯಬೇಕಾದ ಜಾಗದ ಮಟ್ಟದಲ್ಲೇ, ಗೊತ್ತುಮಾಡಿಕೊಂಡ ವೇಗದಲ್ಲಿ ನೇರವಾಗಿ ಹಾರಿ, ಎಷ್ಟು ಶಕ್ತಿ ಖರ್ಚಾಗುತ್ತಿದೆ ಎಂದು ಓದಬೇಕು. 8,000 ಅಡಿಯಲ್ಲಿ ಹೊರಗಿನ ಗಾಳಿಯ ಒತ್ತಡವೇ ಸುಮಾರು 22 ಇಂಚು ಪಾದರಸ. ಟರ್ಬೋ ಇಲ್ಲದ ನಿಮ್ಮ ಆರ್44ರ ಮ್ಯಾನಿಫೋಲ್ಡ್ ಪ್ರೆಶರ್ (ಎಂಜಿನ್ ಒಳಸೇರುವ ಗಾಳಿಯ ಒತ್ತಡ, ಶಕ್ತಿಯ ಅಳತೆ) ಅದನ್ನು ಮೀರಲಾರದು. ಮಟ್ಟಸ ಹಾರಾಟಕ್ಕೇ 18 ಹೋಗುತ್ತಿದೆ ಎಂದಿಟ್ಟುಕೊಳ್ಳಿ, ಕೈಯಲ್ಲಿ ಉಳಿದದ್ದು ನಾಲ್ಕಕ್ಕಿಂತ ಕಡಿಮೆ. ಅವತ್ತಿನ ತೂಕಕ್ಕೆ ಗ್ರೌಂಡ್ ಎಫೆಕ್ಟ್ (ನೆಲಕ್ಕೆ ಬಡಿದ ಗಾಳಿ ಕೊಡುವ ಆಸರೆ) ಇಲ್ಲದೆ ಹೋವರ್ ಮಾಡಲು, ಅಂದರೆ ಗಾಳಿಯಲ್ಲಿ ನಿಂತಲ್ಲೇ ನಿಲ್ಲಲು, ಇನ್ನೂ ಐದು ಬೇಕಿದ್ದರೆ ಮಾತು ಅಲ್ಲಿಗೇ ಮುಗಿಯಿತು. ಜಾಗ ಎಷ್ಟೇ ಚೆನ್ನಾಗಿ ಕಂಡರೂ ಅಲ್ಲಿಗೆ ಹೋಗುವಂತಿಲ್ಲ.

“ಗ್ರೌಂಡ್ ಎಫೆಕ್ಟ್ ಸಿಗುತ್ತದಲ್ಲ, ಅಷ್ಟು ಯಾಕೆ ಬೇಕು?” ಎಂದು ಬಯಲಿನಿಂದ ಬಂದವರೆಲ್ಲ ಕೇಳುತ್ತಾರೆ. ತುದಿ ಚಿಕ್ಕದಾಗಿದ್ದರೆ ರೋಟರ್ ತಳ್ಳಿದ ಗಾಳಿ ಅಂಚಿನಿಂದ ಕೆಳಗೆ ಸುರಿದುಹೋಗುತ್ತದೆ. ಇಳಿಜಾರಿನಲ್ಲಿ, ಎತ್ತರ ಹುಲ್ಲಿನಲ್ಲಿ ಆಸರೆ ಅರ್ಧಂಬರ್ಧ. ಅದನ್ನು ನಂಬಿ ಬಂದವನಿಗೆ ಕೊನೆಯ ಹತ್ತು ಅಡಿಯಲ್ಲಿ ಇಲ್ಲವೆಂದು ತಿಳಿದರೆ ಆಗ ಮಾಡುವುದಕ್ಕೇನೂ ಉಳಿದಿರುವುದಿಲ್ಲ. ಕೈ ತಾನಾಗಿ ಕಲೆಕ್ಟಿವ್ ಎಳೆಯುತ್ತದೆ, ಎಂಜಿನ್ ಅದಾಗಲೇ ಕೊನೆ ಮುಟ್ಟಿದೆ, ರೋಟರ್ ಆರ್‌ಪಿಎಂ ಇಳಿಯುತ್ತದೆ. ಆರ್44ರಲ್ಲಿ 97 ಶೇಕಡಾಕ್ಕೆ ಹಾರ್ನ್ ಕೂಗುತ್ತದೆ. ಆರ್‌ಪಿಎಂ ಶೇಕಡಾ 10 ಬಿದ್ದರೆ ಟೈಲ್ ರೋಟರಿನ (ಮೂಗು ತಿರುಗದಂತೆ ಹಿಡಿಯುವ ಬಾಲದ ರೋಟರ್) ಬಲ ಸುಮಾರು 19 ಶೇಕಡಾ ಬೀಳುತ್ತದೆ, ಏಕೆಂದರೆ ಅದು ಆರ್‌ಪಿಎಂನ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ. ಎಡ ಪೆಡಲ್ ಪೂರ್ತಿ ಒತ್ತಿದ್ದರೂ ಮೂಗು ಬಲಕ್ಕೆ ತಿರುಗತೊಡಗುವುದು ಆಗ. ಅಂದಹಾಗೆ, ಮುಂದೆ ನೀವು ಎಚ್125 ಹೆಲಿಕಾಪ್ಟರಿಗೆ ಹೋದರೆ ಅದರ ರೋಟರ್ ತಿರುಗುವುದು ಉಲ್ಟಾ ದಿಕ್ಕಿಗೆ. ಯಾವ ಪೆಡಲ್ ಮೊದಲು ಮುಗಿಯುತ್ತದೆ, ಯಾವ ಕಡೆಯ ಗಾಳಿ ಅಪಾಯ ಎಂಬುದೆಲ್ಲ ಅದಲುಬದಲಾಗುತ್ತದೆ. ಕೋರ್ಸ್ ಆರಿಸುವಾಗ ಮುಂದೆ ಯಾವ ಯಂತ್ರದಲ್ಲಿ ದುಡಿಯುತ್ತೀರೋ ಅದರಲ್ಲೇ ಕಲಿಯಲು ಸಾಧ್ಯವೇ ನೋಡಿ.

ಇದರಿಂದ ಶಾಲೆಗೆ ಕೇಳಬೇಕಾದ ಮೊದಲ ಪ್ರಶ್ನೆ ಹುಟ್ಟುತ್ತದೆ: ತರಬೇತಿಯಲ್ಲಿ ಹೆಲಿಕಾಪ್ಟರ್ ಎಷ್ಟು ಭಾರ ಇರುತ್ತದೆ? ಇಬ್ಬರೇ ಕೂತು, ಅರ್ಧ ಟ್ಯಾಂಕ್ ಇಂಧನದಲ್ಲಿ ಹಾರಿಸಿದರೆ ಯಂತ್ರ ನಿಮ್ಮ ಎಲ್ಲ ತಪ್ಪುಗಳನ್ನೂ ಕ್ಷಮಿಸಿಬಿಡುತ್ತದೆ. ಒಳ್ಳೆಯ ಶಾಲೆಗಳು ಕೋರ್ಸಿನ ಕೊನೆಯ ಭಾಗದಲ್ಲಿ ಭಾರ ಹೇರುತ್ತವೆ. ಇಲ್ಲವೇ ಬೋಧಕರು “ಇವತ್ತು ಈ ಗೆರೆಗಿಂತ ಮೇಲೆ ಟಾರ್ಕ್ ಇಲ್ಲ ಅಂದುಕೊಳ್ಳಿ” ಎಂದು ಶಕ್ತಿಗೆ ಮಿತಿ ಹಾಕುತ್ತಾರೆ, ಗೆರೆ ದಾಟಿದರೆ ಆ ಇಳಿತ ಲೆಕ್ಕಕ್ಕಿಲ್ಲ. ಕೊಲರಾಡೋದ ಜಿಪ್ಸಂನಲ್ಲಿರುವ ಅಮೆರಿಕದ ಆರ್ಮಿ ನ್ಯಾಷನಲ್ ಗಾರ್ಡ್ ತರಬೇತಿ ಕೇಂದ್ರ ಹಾಟ್ಸ್ ಹೆಸರು ಮಾಡಿರುವುದೂ ಇಂಥ ಶಕ್ತಿ ನಿರ್ವಹಣೆಯ ಪಾಠಕ್ಕೇ. ಈ ಕಟ್ಟುಪಾಡಿನಲ್ಲಿ ಕಲಿತವರ ಅಪ್ರೋಚ್ (ಇಳಿಯಲು ಬರುವ ರೀತಿ) ಬೇರೆಯಾಗಿರುತ್ತದೆ. ಕೊನೆಯಲ್ಲಿ ಕಲೆಕ್ಟಿವ್ ಹಠಾತ್ತನೆ ಮೇಲೆ ಬರುವುದಿಲ್ಲ. ಶಕ್ತಿ ಮೊದಲಿನಿಂದಲೇ ಸ್ವಲ್ಪ ಸ್ವಲ್ಪ ಸೇರಿ, ಹೋವರ್‌ಗೆ ಬರುವಷ್ಟರಲ್ಲಿ ಅಗತ್ಯವಿದ್ದಷ್ಟು ಅಲ್ಲಿರುತ್ತದೆ.

ಗಾಳಿಯ ವಿಷಯಕ್ಕೆ ಹೆಚ್ಚು ಜಾಗ ಕೊಡಬೇಕು, ಏಕೆಂದರೆ ದುರ್ಬಲ ಕೋರ್ಸ್ ಬಯಲಾಗುವುದು ಇಲ್ಲೇ. ಹೊಳೆಯ ನೀರು ಬಂಡೆ ದಾಟುವುದನ್ನು ನೋಡಿದ್ದೀರಲ್ಲ, ಎದುರು ಮುಖದಲ್ಲಿ ಉಬ್ಬಿ ಏರುತ್ತದೆ, ಹಿಂದುಗಡೆ ಗುಂಡಿ ಬಿದ್ದು ಸುಳಿಯುತ್ತದೆ. ಗುಡ್ಡದ ಮೇಲಿನ ಗಾಳಿಯೂ ಹಾಗೆಯೇ. ಗಾಳಿಗೆ ಮುಖಮಾಡಿದ ಮಗ್ಗುಲಲ್ಲಿ ಅದು ನಿಮ್ಮನ್ನು ಎತ್ತುತ್ತದೆ, ಮರೆಯ ಮಗ್ಗುಲಲ್ಲಿ ಅದುಮುತ್ತದೆ. ಎರಡರ ನಡುವಿನ ಗಡಿಗೆ ಡಿಮಾರ್ಕೇಶನ್ ಲೈನ್ ಎನ್ನುತ್ತಾರೆ. ಗಾಳಿ ಮೆಲ್ಲಗಿದ್ದಾಗ ಈ ಗಡಿ ನೆಲಕ್ಕೆ ಹತ್ತಿಕೊಂಡು ಮಲಗಿರುತ್ತದೆ. ಗಾಳಿ ಜೋರಾದಂತೆ, ಗುಡ್ಡ ಕಡಿದಾದಂತೆ ಅದು ಎದ್ದು ನಿಲ್ಲುತ್ತದೆ. ನಿನ್ನೆ ಸಲೀಸಾಗಿ ಬಂದ ಕೋನದಲ್ಲೇ ಇವತ್ತು ಬಂದರೆ ಇಳಿಗಾಳಿಯ ಹೊಟ್ಟೆಯಲ್ಲಿರುತ್ತೀರಿ. ತಪ್ಪಿಸಲು ತೀರಾ ಕಡಿದಾಗಿ ಬಂದರೆ ಇನ್ನೊಂದು ಬಲೆ: ಮುಂದಿನ ವೇಗ ಇಲ್ಲ, ನಿಮಿಷಕ್ಕೆ 300 ಅಡಿಗಿಂತ ಬೇಗ ಇಳಿಯುತ್ತಿದ್ದೀರಿ, ಕಲೆಕ್ಟಿವ್‌ನಲ್ಲಿ ಶಕ್ತಿ ಇದೆ — ರೋಟರ್ ತನ್ನದೇ ಗಾಳಿಯ ಸುಳಿಯಲ್ಲಿ ಸಿಕ್ಕಿ ಕುಸಿಯುವ ವೋರ್ಟೆಕ್ಸ್ ರಿಂಗ್‌ಗೆ ಬೇಕಾದ ಮೂರೂ ಕೂಡಿಬಂದವು.

ಹೀಗಾಗಿ ಕೇಳಬೇಕಾದ ಎರಡನೆಯ ಪ್ರಶ್ನೆ: ಗಾಳಿ ಇದ್ದ ದಿನ ಹಾರಿಸುತ್ತೀರೋ, ಕೋರ್ಸನ್ನು ಎಷ್ಟು ದಿನಕ್ಕೆ ಹರಡುತ್ತೀರಿ? ಎರಡು ಪ್ರಶಾಂತ ಬೆಳಗಿನಲ್ಲಿ ಐದು ಗಂಟೆ ಮುಗಿಸಿದರೆ ನೀವು ಬೆಟ್ಟವನ್ನು ನೋಡಿರುತ್ತೀರಿ, ಅಲ್ಲಿನ ಗಾಳಿಯನ್ನು ಕಂಡಿರುವುದಿಲ್ಲ. ಬಿಸಿಲೇರಿದಂತೆ ಇಳಿಜಾರಿನಗುಂಟ ಗಾಳಿ ಮೇಲೇರುತ್ತದೆ, ಸಂಜೆಯಾದಂತೆ ತಣ್ಣಗಾಗಿ ಕೆಳಗೆ ಹರಿಯುತ್ತದೆ. ಒಂದೇ ಜಾಗಕ್ಕೆ ಬೆಳಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ, ಗಾಳಿ ದಿಕ್ಕು ಬದಲಿಸಿದ ಮತ್ತೊಂದು ದಿನ ಇನ್ನೊಮ್ಮೆ ಕರೆದೊಯ್ಯುವ ಬೋಧಕರು ಸಿಕ್ಕರೆ ಬಿಡಬೇಡಿ. ದಿನಕ್ಕೊಂದು ಹೊಸ ಶಿಖರ ತೋರಿಸುವುದಕ್ಕಿಂತ ಅದರ ಫಲ ಹೆಚ್ಚು.

ಒಂದು ಒಳ್ಳೆಯ ಪಾಠ ಹೇಗಿರುತ್ತದೆ ಎಂದು ತೋರಿಸುತ್ತೇನೆ. ಏಣಿನ (ಬೆಟ್ಟದ ಉದ್ದ ಬೆನ್ನಿನ) ಮೇಲೆ ಒಂದು ಸಣ್ಣ ಭುಜ, ಅಲ್ಲಿ ಇಳಿಯಬೇಕು. ಬೋಧಕರು ಏನೂ ಹೇಳುವುದಿಲ್ಲ. ನೀವು ಮೊದಲು ಏಣಿಗೆ ಸಮಾನಾಂತರವಾಗಿ, ಗಾಳಿ ಬರುವ ಕಡೆಯಿಂದ, ತುಸು ದೂರದಲ್ಲಿ ಒಮ್ಮೆ ಹಾದುಹೋಗುತ್ತೀರಿ. ಆಲ್ಟಿಮೀಟರ್ ನೋಡಿ ಜಾಗದ ಮಟ್ಟ ಗುರುತಿಸಿಕೊಳ್ಳುತ್ತೀರಿ. ಕಲೆಕ್ಟಿವ್ ಕದಲಿಸದೆ ಹೋದರೆ ಯಂತ್ರ ಎಲ್ಲಿ ಏರುತ್ತದೆ, ಎಲ್ಲಿ ಇಳಿಯುತ್ತದೆ, ಸೀಟಿಗೇ ಗೊತ್ತಾಗುತ್ತದೆ. ಮೂಗು ಎಷ್ಟು ಓರೆ ಹಿಡಿದರೆ ದಾರಿ ನೇರವಾಗುತ್ತದೆ ನೋಡುತ್ತೀರಿ. ಜಿಪಿಎಸ್‌ನ ನೆಲದ ವೇಗಕ್ಕೂ ನಿಮ್ಮ ಗಾಳಿವೇಗಕ್ಕೂ ಇರುವ ವ್ಯತ್ಯಾಸ ಓದುತ್ತೀರಿ. ಹುಲ್ಲು ಯಾವ ಕಡೆ ಬಾಗಿದೆ, ಕೆಳಗಿನ ಕೆರೆಯ ಯಾವ ದಡದ ನೀರು ನಯವಾಗಿದೆ — ನಯವಾದ ದಡದಿಂದಲೇ ಗಾಳಿ ಬರುತ್ತಿರುತ್ತದೆ. ಎರಡನೇ ಸುತ್ತಿನಲ್ಲಿ ಜಾಗದ ಗಾತ್ರ, ಇಳಿಜಾರು, ನೆಲದ ಗಟ್ಟಿತನ, ಸುತ್ತಲಿನ ತಂತಿ, ಟೈಲ್ ರೋಟರ್ ಎಲ್ಲಿ ಕೂರುತ್ತದೆ ಎಂಬುದು. ಜೊತೆಗೆ ಶಕ್ತಿಯ ಲೆಕ್ಕ. ಆಮೇಲೆ ಏಣಿಗೆ ಸುಮಾರು 45 ಡಿಗ್ರಿ ಓರೆಯಲ್ಲಿ, ಕಣಿವೆಯ ಕಡೆ ಬಾಗಿಲು ತೆರೆದಿಟ್ಟುಕೊಂಡು ಬರುತ್ತೀರಿ. ನೇರ ಎದುರಿಗೆ ಬಂದರೆ ತಪ್ಪಿಸಿಕೊಳ್ಳಲು ದೊಡ್ಡ ತಿರುವು ಬೇಕು. ಓರೆಯಲ್ಲಿದ್ದರೆ ಮೂಗು ಸ್ವಲ್ಪ ತಗ್ಗಿಸಿ ಹೊರಗೆ ಬಾಗಿದರೆ ಕೆಳಗೆ ನೂರಾರು ಅಡಿ ಖಾಲಿ ಗಾಳಿ.

ಇಷ್ಟಾದ ಮೇಲೆ, ಜಾಗ ಇನ್ನೂ ನೂರು ಅಡಿ ದೂರವಿರುವಾಗ ಬೋಧಕರು ಒಂದು ಮಾತು ಕೇಳುತ್ತಾರೆ: “ಈಗ ಬೇಡ ಅಂದರೆ ಎಲ್ಲಿ ಹೋಗ್ತೀರಿ?” ಉತ್ತರಕ್ಕೆ ಒಂದು ಕ್ಷಣ ಯೋಚಿಸಬೇಕಾಗಿ ಬಂದರೆ ಆ ಅಪ್ರೋಚ್ ಅಲ್ಲಿಗೇ ರದ್ದು. ಮತ್ತೆ ಸುತ್ತು. ಇಂಥ ರದ್ದುಗಳು ಕಡಿಮೆ ಇರುವ ತರಬೇತಿಯನ್ನು ನಾನು ನಂಬುವುದಿಲ್ಲ. ದುಡ್ಡು ಕೊಟ್ಟ ವಿದ್ಯಾರ್ಥಿಗೆ ಬೇಸರವಾದೀತೆಂದು ಇಳಿಸಿಬಿಡುವ ಬೋಧಕರು, ಮುಂದೆ ಗ್ರಾಹಕರಿಗೆ ಬೇಸರವಾದೀತೆಂದು ಇಳಿದುಬಿಡುವ ಪೈಲಟ್‌ಗಳನ್ನು ತಯಾರಿಸುತ್ತಾರೆ.

ಕಣ್ಣಿನ ಮೋಸವೂ ಪಠ್ಯದಲ್ಲಿರಬೇಕು. ಬಯಲಿನಲ್ಲಿ ದಿಗಂತ ಸದಾ ಇರುತ್ತದೆ. ಕಣಿವೆಯೊಳಗೆ ಅದು ಇಲ್ಲ, ಓರೆಯಾದ ಏಣುಗಳೇ ದಿಗಂತದ ವೇಷ ಹಾಕಿಕೊಂಡು ನಿಲ್ಲುತ್ತವೆ. ನೆಲ ಮೇಲೇರುತ್ತಿರುವ ಕಣಿವೆಯಲ್ಲಿ ಹೋಗುವಾಗ ಗೊತ್ತಾಗದಂತೆ ಮೂಗು ಎತ್ತುತ್ತಾ ಹೋಗುತ್ತೇವೆ, ವೇಗ ಸೋರಿಹೋಗುತ್ತದೆ. ನೆಲದ ವೇಗವೂ ಮೋಸ ಮಾಡುತ್ತದೆ: 11,000 ಅಡಿ ಡೆನ್ಸಿಟಿ ಆಲ್ಟಿಟ್ಯೂಡ್‌ನಲ್ಲಿ ಮೀಟರ್ 50 ನಾಟ್ ತೋರಿಸುವಾಗ ನಿಜವಾದ ಗಾಳಿವೇಗ ಸುಮಾರು 59. ನೆಲ ಓಡುವುದು ನೋಡಿ “ಜೋರಾಯಿತು” ಎಂದು ನಿಧಾನಿಸಿದವರು ಎಲ್ಲಕ್ಕಿಂತ ಬೇಕಾದ ವೇಗವನ್ನೇ ಕಳೆದುಕೊಳ್ಳುತ್ತಾರೆ. ಇದನ್ನು ಓದಿ ತಿಳಿದರೆ ಸಾಲದು. ಬೋಧಕರು ಒಮ್ಮೆ ಮೀಟರ್ ಮುಚ್ಚಿ ಹಾರಿಸಿ, ತೆರೆದು ತೋರಿಸಬೇಕು.

ಕಣಿವೆ ಹಾರಾಟದಲ್ಲಿ ನಡುವೆ ಹೋಗುವ ಚಾಳಿ ಬಿಡಿಸಬೇಕು. ನಡುವೆ ಇದ್ದರೆ ತಿರುಗಲು ಅರ್ಧ ಕಣಿವೆ ಮಾತ್ರ. ಗಾಳಿ ಬಡಿದು ಮೇಲೇರುವ ಮಗ್ಗುಲನ್ನು ಹಿಡಿದು ಹೋದರೆ ಎತ್ತುಗಾಳಿಯೂ ಸಿಕ್ಕಿತು, ತಿರುಗಲು ಪೂರ್ತಿ ಅಗಲವೂ ಸಿಕ್ಕಿತು, ತಿರುವು ಗಾಳಿಗೆ ಎದುರಾಗಿಯೇ ಬಂತು.

ಹಿಮ, ಆಮ್ಲಜನಕ, ಆಟೊರೊಟೇಶನ್ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಹಿಮದ ಮೇಲೆ ಇಳಿಯುವ ಕೆಲಸವಿದ್ದರೆ ಅದನ್ನು ಹಿಮದಲ್ಲೇ ಕಲಿಯಬೇಕು. ಬೇಸಿಗೆಯ ಕೋರ್ಸಿನಲ್ಲಿ ಅದು ಒಂದು ಅಧ್ಯಾಯವಷ್ಟೇ. ಪುಡಿಹಿಮ ಎದ್ದು ಸುತ್ತ ಬೆಳ್ಳಗಾದಾಗ ಕಣ್ಣಿಗೆ ಒಂದು ಕಲ್ಲೋ ಪೊದೆಯೋ ಹತ್ತಿರದಲ್ಲಿ ಆಸರೆಯಾಗಿರಲೇಬೇಕು. ಅಮೆರಿಕದ ನಿಯಮದಲ್ಲಿ ಕ್ಯಾಬಿನ್ ಎತ್ತರ 12,500 ಅಡಿ ಮೀರಿ ಅರ್ಧ ಗಂಟೆ ಕಳೆದರೆ, ಇಲ್ಲವೇ 14,000 ದಾಟಿದರೆ ಸಿಬ್ಬಂದಿಗೆ ಆಮ್ಲಜನಕ ಕಡ್ಡಾಯ. ಆದರೆ ರಾತ್ರಿ ದೃಷ್ಟಿ ಮಂಕಾಗುವುದು 5,000 ಅಡಿಯಿಂದಲೇ ಶುರು. ತೆಳು ಗಾಳಿಯಲ್ಲಿ ಆಟೊರೊಟೇಶನ್ ಮಾಡಿದರೆ ಆರ್‌ಪಿಎಂ ಮಿತಿ ಮೀರಲು ಹವಣಿಸುತ್ತದೆ, ಕೊನೆಯಲ್ಲಿ ಮೂಗೆತ್ತಿ ವೇಗ ತಗ್ಗಿಸುವ ಫ್ಲೇರ್‌ಗೆ ಹಿಡಿತ ಕಡಿಮೆ. ಸಿಮ್ಯುಲೇಟರ್ ಬಗ್ಗೆ ಹೇಳುವುದಾದರೆ, ವೋರ್ಟೆಕ್ಸ್ ರಿಂಗ್, ಟೈಲ್ ರೋಟರ್ ಕೈಕೊಡುವುದು, ಬಿಳಿಗತ್ತಲೆ — ನೆಲದ ಹತ್ತಿರ ನಿಜವಾಗಿ ಮಾಡಿ ನೋಡಲಾಗದ ಇಂಥವಕ್ಕೆ ಅದು ಒಳ್ಳೆಯದು. ಗಾಳಿಯ ಒರಟುತನ ಮಾತ್ರ ಸೀಟಿನಡಿ ಸಿಗುವಂತೆ ಅಲ್ಲಿ ಸಿಗದು.

ಬೋಧಕರು ಯಾರು ಎಂಬುದು ಮೇಲಿನ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ. ಒಟ್ಟು ಗಂಟೆ ಕೇಳಬೇಡಿ, ಬೆಟ್ಟದಲ್ಲಿ ದುಡಿದ ಗಂಟೆ ಕೇಳಿ: ತೂಗು ಹೊರೆ ಒಯ್ದಿದ್ದಾರೋ, ರಕ್ಷಣಾ ಕೆಲಸ ಮಾಡಿದ್ದಾರೋ, ಸರ್ವೆ, ಕಾಡುಬೆಂಕಿಗೆ ಹೋಗಿದ್ದಾರೋ. ಹಾರಾಟ ಕಲಿಸಲು ಬರುವವರೆಲ್ಲ ಇದನ್ನು ಕಲಿಸಲಾರರು. ಬೆಟ್ಟದಲ್ಲಿ ಜೀವಮಾನ ಕಳೆದವರೆಲ್ಲರಿಗೂ ಕಲಿಸಲು ಬರುವುದಿಲ್ಲ. ಎರಡೂ ಇರುವವರು ಕಡಿಮೆ. ಮಾತಾಡಿಸಿದಾಗ ಸುಳಿವು ಸಿಗುತ್ತದೆ. “ನಿಮ್ಮಲ್ಲಿ ಯಾರನ್ನಾದರೂ ಇನ್ನೂ ಸಿದ್ಧವಿಲ್ಲ ಎಂದು ಕಾಗದ ಕೊಡದೆ ಕಳಿಸಿದ್ದುಂಟಾ?” ಎಂದು ಕೇಳಿ. ಇಲ್ಲವೇ ಇಲ್ಲ ಎಂದರೆ ಅದು ಹಾಜರಾತಿಯ ಕಾಗದ. ಹಾರಿ ಬಂದ ಮೇಲೆ ಎಷ್ಟು ಹೊತ್ತು ಕೂತು ಮಾತಾಡುತ್ತಾರೆ ಎಂಬುದನ್ನೂ ವಿಚಾರಿಸಿ. ಒಂದು ಗಂಟೆಯ ಹಾರಾಟದ ನಂತರ ನಕಾಶೆ ಬಿಡಿಸಿ, ನೀವು ಗಾಳಿ ಎಲ್ಲಿದೆ ಎಂದುಕೊಂಡಿರಿ, ನಿಜಕ್ಕೂ ಎಲ್ಲಿತ್ತು ಎಂದು ಚಿತ್ರ ಬರೆಸದಿದ್ದರೆ ಅರ್ಧ ಪಾಠ ಗಾಳಿಗೇ ಹೋಯಿತು. ಸಾಧ್ಯವಾದರೆ ಅಲ್ಲಿ ಕಲಿತ ಒಂದಿಬ್ಬರನ್ನು ಹುಡುಕಿ, ಅತಿ ಎತ್ತರದ ಜಾಗ ಯಾವುದೆಂದು ಕೇಳುವ ಬದಲು ಇಳಿಯದೆ ವಾಪಸ್ ಬಂದ ಜಾಗದ ಕಥೆ ಹೇಳಿಸಿ. ಹೇಳಲು ಕಥೆಯೇ ಇಲ್ಲದಿದ್ದರೆ ನಿಮಗೆ ಉತ್ತರ ಸಿಕ್ಕಿತು.

ನೀವು ಹೇಳಿದಷ್ಟರ ಮೇಲೆ ನನ್ನ ಒಲವು ಎರಡನೆಯ ಶಾಲೆಯ ಕಡೆ, ಮೇಲಿನ ಪ್ರಶ್ನೆಗಳಿಗೆ ಅವರು ಸರಿಯಾಗಿ ಉತ್ತರಿಸುತ್ತಾರೆಂಬ ಷರತ್ತಿನ ಮೇಲೆ. ಇಪ್ಪತ್ತು ಗಂಟೆ ಎಂದ ಮಾತ್ರಕ್ಕೆ ಒಳ್ಳೆಯದಾಗುವುದಿಲ್ಲ. ಅದರಲ್ಲಿ ಹತ್ತು ಗಂಟೆ ಜಾಗಕ್ಕೆ ಹೋಗಿ ಬರುವುದರಲ್ಲೇ ಕಳೆದರೆ ಲೆಕ್ಕ ಬದಲಾಗುತ್ತದೆ, ಬೇಸ್‌ನಿಂದ ತರಬೇತಿಯ ಜಾಗ ಎಷ್ಟು ದೂರ ಎಂದು ಕೇಳಿ. ಅಷ್ಟು ಹಣ ಒಮ್ಮೆಲೇ ಕೈಯಲ್ಲಿ ಇಲ್ಲದಿದ್ದರೆ ಅವರ ಬಳಿಯೇ ಕೋರ್ಸನ್ನು ಎರಡು ಕಂತು ಮಾಡಿಕೊಡಲು ಕೇಳಿ, ಒಂದು ಬೇಸಿಗೆಯಲ್ಲಿ, ಇನ್ನೊಂದು ಚಳಿಗಾಲದಲ್ಲಿ. ಐದು ಗಂಟೆಯ ಕೋರ್ಸ್ ಪೂರಾ ವ್ಯರ್ಥವೆಂದು ನಾನು ಹೇಳುವುದಿಲ್ಲ. ಬೆಟ್ಟದ ಅಂಚಿನಲ್ಲಿ ಹಾದುಹೋಗುವ ಪೈಲಟ್‌ಗೆ ಅದು ಪರಿಚಯ ಮಾಡಿಕೊಟ್ಟೀತು. ಅದನ್ನೇ ತೋರಿಸಿ ಬೆಟ್ಟದಲ್ಲಿ ಕೆಲಸ ಕೇಳುವುದು ಬೇರೆ ಮಾತು.

ಕೆಲಸ ಸಿಕ್ಕ ಮೇಲೆ ಮೊದಲ ತಿಂಗಳುಗಳಲ್ಲಿ ನಿಮ್ಮನ್ನು ಯಾವ ಜಾಗಗಳಿಗೆ, ಎಷ್ಟು ಗಾಳಿಯವರೆಗೆ ಒಬ್ಬರನ್ನೇ ಕಳಿಸುತ್ತಾರೆ ಎಂದು ಸಂದರ್ಶನದಲ್ಲೇ ಕೇಳಿ ಬರೆದುಕೊಳ್ಳಿ. ಲೈನ್ ಚೆಕ್ (ಕೆಲಸದ ನಡುವೆಯೇ ಹಾರಾಟದ ಪರೀಕ್ಷೆ) ಮಾಡುವ ಹಿರಿಯ ಪೈಲಟ್ ಜೊತೆ ಸೀಸನ್ ಶುರುವಿನಲ್ಲಿ ಒಂದು ದಿನ ಹಾರಿಸುವ ಪದ್ಧತಿ ಇರುವ ಕಂಪನಿ ಸಿಕ್ಕರೆ ಸಂಬಳ ತುಸು ಕಡಿಮೆಯಾದರೂ ಅಲ್ಲೇ ಸೇರಿಕೊಳ್ಳಿ.